ಹೊಟ್ಟೆ ಸೀಳದ ಅಕ್ಷರ

ನನ್ನ ಗಂಡ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಗೊತ್ತಾಗಿದ್ದು ಅವರು ತಮ್ಮ ಅಂಗಿಯನ್ನು ತಾವೇ ಒಗೆಯಲು ಶುರು ಮಾಡಿದ ದಿನ. ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುವ ಮನುಷ್ಯ, ನಾನು ಏಳುವ ಮೊದಲೇ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲರ್ ತಿಕ್ಕುತ್ತಿದ್ದರು.

“ಏನ್ರೀ ಇದು ಹೊಸ ಅವತಾರ?” ಎಂದೆ.

“ನಿನಗೂ ವಯಸ್ಸಾಯ್ತಲ್ಲ, ಎಷ್ಟು ಅಂತ ಒಗೀತೀಯ” ಎಂದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ವಯಸ್ಸಿನ ಮೇಲೆ ಅವರಿಗೆ ಕನಿಕರ ಹುಟ್ಟಿದ್ದು ಅದೇ ಮೊದಲು. ನನಗೆ ಸಂತೋಷವಾಗಲಿಲ್ಲ, ಕಿವಿ ನೆಟ್ಟಗಾಯಿತು. ಅವರು ಅತ್ತ ಹೋದ ಮೇಲೆ ಒಣಗಲು ಹಾಕಿದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾಲರಿನ ಒಳಮಗ್ಗುಲಲ್ಲಿ ಒಂದು ಕಲೆ. ಕೆಂಪೂ ಅಲ್ಲ, ಕಂದೂ ಅಲ್ಲ. ಮೂಗಿಗೆ ಹಿಡಿದರೆ ಸಾಬೂನಿನ ಅಡಿಯಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ವಾಸನೆ. ನಮ್ಮ ಮನೆಯಲ್ಲಿ ಪೌಡರ್ ಡಬ್ಬಿ ಖಾಲಿಯಾಗಿ ನಾಲ್ಕು ವರ್ಷವಾಗಿತ್ತು.

ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಅದೇ ಕೆಂಪು ಪೆನ್ನು. ಎದುರಿಗೆ ಬಂದ ಸಾಲಿನಲ್ಲಿ ತಪ್ಪು ಇದ್ದೇ ಇದೆ ಎಂದುಕೊಂಡು ಓದುವುದು ನನ್ನ ಕೆಲಸ. ಇಲ್ಲದಿದ್ದರೆ ಅದು ಆ ಸಾಲಿನ ಪುಣ್ಯ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಎಂದರೂ ಆದೀತು. ಸಂಜೆ ಐದು ಗಂಟೆಗೆ ಪೆನ್ನನ್ನು ಮೇಜಿನ ಖಾನೆಗೆ ಹಾಕಿ ಬರಬಹುದು, ಕಣ್ಣನ್ನು ಅಲ್ಲೇ ಬಿಟ್ಟು ಬರಲು ಆಗುವುದಿಲ್ಲ.

ನನ್ನ ಗಂಡ ಬೋರ್ಡು ಬರೆಯುತ್ತಿದ್ದವರು. ಅದರಲ್ಲೂ ಅಂಗಡಿಗಳ ಗಾಜಿನ ಬಾಗಿಲು ಬರೆಯುವುದರಲ್ಲಿ ಎತ್ತಿದ ಕೈ. ಗಾಜಿನ ಹೊರಮೈಗೆ ಬರೆದರೆ ಮಳೆ ಬಿಸಿಲಿಗೆ ಬಣ್ಣ ಉದುರುತ್ತದೆ. ಆದ್ದರಿಂದ ಒಳಗೆ ನಿಂತು, ಹೊರಗಿನವರಿಗೆ ನೆಟ್ಟಗೆ ಕಾಣುವಂತೆ, ಅಕ್ಷರಗಳನ್ನು ತಿರುಗಿಸಿ ಬಲದಿಂದ ಎಡಕ್ಕೆ ಬರೆಯಬೇಕು. ಪೇಟೆಯವರೆಲ್ಲ ಅವರನ್ನು ‘ಉಲ್ಟಾ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಮೊದಲು ಎಲ್ಲ ಅಕ್ಷರಗಳ ಮೈ ಬರೆದು ಮುಗಿಸಿ, ತಲೆಕಟ್ಟುಗಳನ್ನು ಕೊನೆಗೆ ಒಂದೇ ಉಸಿರಿಗೆ ಎಳೆಯುವುದು ಅವರ ರೀತಿ. “ಮೊದಲು ಮೈ, ಆಮೇಲೆ ಟೋಪಿ” ಎನ್ನುತ್ತಿದ್ದರು. ಈಗ ನೋಡಿದರೆ ಆ ಟೋಪಿಯನ್ನು ನನಗೇ ಹಾಕುತ್ತಿದ್ದರು.

ಅವರ ಕೈಯಲ್ಲಿ ಇದ್ದದ್ದು ಒಂದೇ ದೋಷ. ಮಹಾಪ್ರಾಣ ಬಂದರೆ ಮರೆವು. ದಕಾರದ ಕೆಳಗೆ ಒಂದು ಪುಟ್ಟ ಗೀಟು ಎಳೆದರೆ ಅದು ಧ ಆಗುತ್ತದೆ. ಶಾಲೆಯಲ್ಲಿ ಅದಕ್ಕೆ ‘ಹೊಟ್ಟೆ ಸೀಳುವುದು’ ಎಂದು ಹೇಳಿಕೊಡುತ್ತಾರೆ. ಇವರು ಸೀಳುತ್ತಲೇ ಇರಲಿಲ್ಲ.

ಎರಡು ವರ್ಷದ ಹಿಂದೆ ನಾನು ಪ್ರೆಸ್ಸಿನಿಂದ ಬರುತ್ತಿದ್ದಾಗ ಇವರು ಮೂಲೆಯ ಔಷಧ ಅಂಗಡಿಯ ಗಾಜು ಬರೆದು ಮುಗಿಸಿ, ಒಳಗೆ ನಿಂತು ಬ್ರಷ್ ಒರೆಸಿಕೊಳ್ಳುತ್ತಿದ್ದರು. ಹೊರಗೆ ಏಳೆಂಟು ಜನ ನಿಂತು ನೋಡುತ್ತಿದ್ದರು. ನಾನು ಓದಿದೆ. ‘ಔಷದ ಅಂಗಡಿ’. ನಾಲಿಗೆ ಸುಮ್ಮನಿರಲಿಲ್ಲ.

“ರೀ, ಹೊಟ್ಟೆ ಸೀಳಿಲ್ಲ!” ಎಂದು ಕೂಗಿದೆ.

ಬೀದಿಗೆ ಬೀದಿಯೇ ನಕ್ಕಿತು. ಅಂಗಡಿಯವನು, “ಮೇಷ್ಟ್ರೇ, ಆಪರೇಷನ್ ಬಾಕಿ ಇದೆಯಂತೆ, ಮಾಡಿಬಿಡಿ” ಎಂದ. ಗಾಜಿನ ಆಚೆ ಅವರು, ಈಚೆ ನಾನು, ನಡುವೆ ಅಕ್ಷರಗಳು. ಅವರು ಬಗ್ಗಿ ಆ ಗೀಟು ಎಳೆಯುವಾಗ ಕೈ ನಡುಗಿದ್ದನ್ನು ನಾನು ನೋಡಿದೆ. ಆಮೇಲೆ ಬ್ರಷ್ಷುಗಳನ್ನೆಲ್ಲ ತಗಡಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು. “ಕೈ ನಡುಗುತ್ತೆ, ಇನ್ನು ಆಗಲ್ಲ” ಎಂದರು. ಹೇಗೂ ಎಲ್ಲರೂ ಫ್ಲೆಕ್ಸ್ ಹಾಕಿಸುವ ಕಾಲ ಬಂದಿತ್ತು. ಬಟ್ಟೆ ಗೋದಾಮಿನಲ್ಲಿ ಮೂಟೆ ಇಳಿಸುವವರ ಮೇಲೆ ಕಣ್ಣಿಡುವ ಕೆಲಸಕ್ಕೆ ಸೇರಿಕೊಂಡರು. ನಾನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ತಪ್ಪು ತೋರಿಸಿದ್ದು ಹೇಗೆ ತಪ್ಪಾಗುತ್ತದೆ ಎಂದು ನನ್ನ ಪಾಡಿಗೆ ನಾನು ವಾದಿಸಿಕೊಂಡೆ.

ಇರಲಿ, ಅಂಗಿಯ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಿಂದ ಶುಕ್ರವಾರ, ಶನಿವಾರ, ಭಾನುವಾರ ಸಂಜೆ ಗೋದಾಮಿನಲ್ಲಿ ಹೆಚ್ಚುವರಿ ಕೆಲಸ ಎಂದು ಹೋಗುತ್ತಿದ್ದರು. ಕಲೆ ಕಂಡ ವಾರ, ಶನಿವಾರ ಆರು ಗಂಟೆಗೆ ನಾನು ದಾರಿ ಬಳಸಿಕೊಂಡು ಗೋದಾಮಿನ ಮುಂದೆ ಹಾದುಹೋದೆ. ಬಾಗಿಲಿಗೆ ಅಂಗೈ ಅಗಲದ ಬೀಗ. ಪಕ್ಕದ ಸೈಕಲ್ ಅಂಗಡಿಯವನನ್ನು ಕೇಳಿದರೆ, “ಶನಿವಾರ ನಾಲ್ಕಕ್ಕೇ ಮುಚ್ತಾರಲ್ಲಮ್ಮ” ಎಂದ. ಅಂದು ಇವರು ಬಂದಿದ್ದು ಎಂಟೂವರೆಗೆ. “ಅಬ್ಬಾ, ಏನು ಮೂಟೆ ಇವತ್ತು!” ಎಂದು ಸೊಂಟ ಹಿಡಿದುಕೊಂಡರು. ನಾನು ಸುಮ್ಮನೆ ತಟ್ಟೆ ಇಟ್ಟೆ.

ಮರುದಿನ ಮಧ್ಯಾಹ್ನ ಊಟವಾಗಿ ಮಲಗಿದ್ದಾಗ ನಿದ್ದೆಯಲ್ಲೇ ಒಂದು ಮಾತಾಡಿದರು. “ನೀನು ಹೋದ ಮೇಲೆ ಈ ಮನೇಲಿ ಬೆಳಕೇ ಇಲ್ಲ.” ಸ್ಪಷ್ಟವಾಗಿ, ಒಂದು ಅಕ್ಷರವೂ ಕೆಡದಂತೆ. ನಾನು ಎಲ್ಲಿಗೂ ಹೋಗಿರಲಿಲ್ಲ, ಅವರ ಕಾಲ ಬುಡದಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದೆ. ಹಾಗಾದರೆ ಹೋದವಳು ಯಾರು? ಈ ವಯಸ್ಸಿನಲ್ಲಿ ಈ ಮನುಷ್ಯ ನನ್ನ ಕೈಬಿಟ್ಟರೆ ನಾನೇನು ಮಾಡಲಿ ಎಂಬ ಭಯ ಆಗ ಹೊಕ್ಕಿತು. ಕೋಪವೂ ಇತ್ತು, ಆದರೆ ಭಯವೇ ಹೆಚ್ಚು.

ಅದೇ ವಾರ ನಾದಿನಿ ಬಂದಳು. ಇವರ ಒಬ್ಬಳೇ ತಂಗಿ. ದರ್ಜಿ ಕೆಲಸದವಳು, ಒಂದು ನಾಟಕ ತಂಡಕ್ಕೆ ಉಡುಪು ಹೊಲಿದುಕೊಡುತ್ತಾಳೆ.

“ಅತ್ತಿಗೆ, ಎರಡು ಟಿಕೆಟ್ ಸಿಕ್ಕಿದೆ. ಶುಕ್ರವಾರ ಸಂಜೆ ಆರಕ್ಕೆ. ನೀವು ಬರಲೇಬೇಕು.”

“ನಿಮ್ಮಣ್ಣನ್ನ ಕರ್ಕೊಂಡು ಹೋಗು.”

“ಅಣ್ಣನಿಗೆ ಕೆಲಸ ಇದೆಯಲ್ಲ” ಎಂದವಳು ಮುಖವನ್ನು ಅತ್ತ ತಿರುಗಿಸಿ ಕೆಮ್ಮಿದಳು. ಅವಳಿಗೆ ಕೆಮ್ಮಿಲ್ಲ ಎಂದು ನನಗೆ ಗೊತ್ತು. ಅಣ್ಣ ತಂಗಿ ಇಬ್ಬರೂ ಸೇರಿ ಏನೋ ನಡೆಸಿದ್ದಾರೆ ಎಂದುಕೊಂಡೆ. ಟಿಕೆಟ್ ನೋಡಿದರೆ ನಾಟಕದ ಹೆಸರು ‘ಕಲೆ’. ನನಗೆ ನೆನಪಾಗಿದ್ದು ಕಾಲರಿನದೇ.

ನಮ್ಮಲ್ಲಿ ಅಚ್ಚಾಗುವ ಪತ್ರಿಕೆಗೆ ಬರೆದ ಆ ನಾಟಕದ ವಿಮರ್ಶೆಯ ಕರಡು ಮೊದಲೇ ನನ್ನ ಮೇಜಿಗೆ ಬಂದು ಹೋಗಿತ್ತು. ಹೆಸರು ಮಾಡಿದ ಚಿತ್ರಕಾರನೊಬ್ಬನ ಮುದಿತನದ ಕಥೆಯಂತೆ. ‘ನಾಯಕ ನಟರು ಪ್ರೇಕ್ಷಕರ ಕಣ್ಣೆದುರೇ ಒಂದು ಚಿತ್ರವನ್ನು ಪೂರ್ತಿ ಬರೆಯುತ್ತಾರೆ. ಆ ರೇಖೆಯಲ್ಲಿ ದುಃಖವೇ ನಡುಗುತ್ತದೆ’ ಎಂದು ಬರೆದಿದ್ದರು. ಕಾಗುಣಿತ ತಿದ್ದಿ, ‘ದುಃಖವೇ ನಡುಗುತ್ತದೆ’ ಎಂಬಲ್ಲಿ ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ದುಃಖ ಹೇಗೆ ನಡುಗುತ್ತದೆ? ಸಂಪಾದಕರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅಚ್ಚಿಗೆ ಕಳಿಸಿದರು.

ಶುಕ್ರವಾರ ಹೋದೆವು. ನಾಟಕ ನೋಡುವ ಆಸೆಯಿಂದಲ್ಲ, ನಾದಿನಿಯ ಬಾಯಿ ಬಿಡಿಸಲು. ಮೂರನೇ ಸಾಲಿನಲ್ಲಿ ಕೂತೆವು. ಕುರ್ಚಿಯ ಸ್ಪ್ರಿಂಗು ಕಿರುಗುಟ್ಟುತ್ತಿತ್ತು. ನನ್ನ ಬಲಕ್ಕೆ ದಪ್ಪ ಕನ್ನಡಕದ ಒಬ್ಬ ಯಜಮಾನರು, ಎಡಕ್ಕೆ ಇವಳು. ಎರಡು ಸಲ ಎದ್ದು ಒಳಗೆ ಹೋಗಿ ಬಂದಳು. “ಗುಂಡಿ ಕಿತ್ತುಹೋಗಿತ್ತು” ಎಂದಳು. ಗುಂಡಿ ಹೊಲಿದವಳ ಕೈಯಲ್ಲಿ ಸೂಜಿ ಇರಲಿಲ್ಲ.

ಪರದೆ ಎದ್ದಿತು. ಚಿತ್ರಕಾರನ ಕೋಣೆ. ಹಿಂಬದಿಗೆ ಗೋಡೆಯಷ್ಟು ದೊಡ್ಡ, ತೆಳ್ಳನೆಯ ಬಿಳಿ ಬಟ್ಟೆ ಬಿಗಿದಿತ್ತು. ಚಿತ್ರಕಾರ ಗಡ್ಡ ನೀವಿಕೊಂಡು, “ಕಲೆ ಅಂದರೆ ಏನು?” ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿದ. ಮೂರನೇ ಸಲ ಕೇಳಿದಾಗ ನನಗೆ ಆಕಳಿಕೆ ಬಂತು. ಕಥೆ ಇಷ್ಟೇ. ಅವನ ಚಿತ್ರವನ್ನು ಊರೆಲ್ಲ ಹೊಗಳುತ್ತದೆ, ಹೆಂಡತಿಯೊಬ್ಬಳು ಮಾತ್ರ ಪ್ರತಿ ಚಿತ್ರದ ಮುಂದೆಯೂ ನಿಂತು, “ಇಲ್ಲೊಂದು ಸರಿಯಿಲ್ಲ” ಎನ್ನುತ್ತಾಳೆ. ಅವಳ ಪಾತ್ರ ನನಗೆ ಒಂಚೂರೂ ಹಿಡಿಸಲಿಲ್ಲ. ಏನು ಹೆಂಗಸಪ್ಪ, ಗಂಡ ಅಷ್ಟು ಕಷ್ಟಪಟ್ಟು ಬರೆದಿದ್ದಾನೆ, ಒಂದು ದಿನವಾದರೂ ಚೆನ್ನಾಗಿದೆ ಎನ್ನಬಾರದೇ ಎಂದು ಸಿಟ್ಟು ಬಂತು. ಜೊತೆಗೆ ಆ ನಟಿ ನೋಡಲು ಲಕ್ಷಣವಾಗಿದ್ದಳು, ಮುಖಕ್ಕೆ ದಂಡಿಯಾಗಿ ಪೌಡರ್ ಮೆತ್ತಿಕೊಂಡಿದ್ದಳು. ಅದನ್ನೂ ಗಮನಿಸಿದೆ.

ಹೆಂಡತಿಗೆ ಕಾಯಿಲೆಯಾಗುತ್ತದೆ. ಇವನು ಚಿತ್ರ ಮುಗಿಸಿ ಹೋಗುತ್ತೇನೆ ಎಂದು ಕೂತು, ಔಷಧ ಅಂಗಡಿಗೆ ಓಡುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಅವಳು ಸಾಯುತ್ತಾಳೆ. ಚಿತ್ರಕಾರ ಖಾಲಿ ಕುರ್ಚಿಯ ಮುಂದೆ ಕೂತು ಹೇಳಿದ.

“ನೀನು ಹೋದ ಮೇಲೆ ಈ ಮನೇಲಿ ಬೆಳಕೇ ಇಲ್ಲ.”

ಅದೇ ಮಾತು, ಅದೇ ಅಕ್ಷರ. ಸಿಕ್ಕಿಬಿದ್ದರು! ಗೋದಾಮು ಅಲ್ಲ, ಹೆಚ್ಚುವರಿ ಕೆಲಸ ಅಲ್ಲ, ವಾರಕ್ಕೆ ಮೂರು ಸಂಜೆ ಇಲ್ಲಿಗೆ ಬರುತ್ತಿದ್ದರು. ಮಾತು ಬಾಯಿಪಾಠವಾಗುವಷ್ಟು ಸಲ ಬಂದಿದ್ದರು. ಯಾರಿಗಾಗಿ? ಆ ಪೌಡರಿನವಳಿಗಾಗಿ. ತಂಗಿಯೇ ಮುಂದೆ ನಿಂತು ದಾರಿ ಮಾಡಿಕೊಟ್ಟಿದ್ದಾಳೆ. ನಾನು ತಿರುಗಿ ಹಿಂದಿನ ಸಾಲುಗಳಲ್ಲಿ ಇವರ ಮುಖ ಹುಡುಕಿದೆ.

“ಅತ್ತಿಗೆ, ಮುಂದೆ ನೋಡಿ. ಈಗಲೇ ನೋಡಬೇಕಾಗಿರೋದು” ಎಂದು ನಾದಿನಿ ಮೊಣಕೈ ಒತ್ತಿದಳು.

ದೀಪಗಳು ಇಳಿದವು. ಬಿಳಿ ಬಟ್ಟೆ ಮಾತ್ರ ಹಾಲಿನಂತೆ ಬೆಳಗಿತು. ಚಿತ್ರಕಾರ ಬ್ರಷ್ ಹಿಡಿದು ಅದರ ಮುಂದೆ ನಿಂತ, ತಾನು ಹೆಂಡತಿಯೊಡನೆ ಬಾಳಿದ ಬೀದಿಯನ್ನು ಬರೆಯತೊಡಗಿದ. ಒಂದು ಕಿಟಕಿ, ಒಂದು ದೀಪದ ಕಂಬ, ಮೆಟ್ಟಿಲು. ಗೆರೆಗಳು ಸಣ್ಣಗೆ ನಡುಗುತ್ತಾ ಮೂಡಿದವು. ಸಭೆ ಉಸಿರು ಬಿಗಿಹಿಡಿದು ಕೂತಿತು. ನಾನು ಮಾತ್ರ ನನ್ನ ಕಸುಬಿನ ಕಣ್ಣಿನಲ್ಲಿ ನೋಡುತ್ತಿದ್ದೆ. ಏನೋ ಸರಿಯಿಲ್ಲ. ಬಣ್ಣ ಬ್ರಷ್ಷಿಗಿಂತ ಒಂದು ಬೆರಳು ಮುಂದೆ ಹೋಗುತ್ತಿದೆ! ನಟ ಗೆರೆಯ ಬೆನ್ನು ಹತ್ತಿದ್ದಾನೆ, ಗೆರೆ ಅವನ ಮಾತು ಕೇಳುತ್ತಿಲ್ಲ. ಅವನ ಬ್ರಷ್ ಒಣಗಿದೆ. ಬಟ್ಟೆಯ ಆಚೆ ಇನ್ನೊಬ್ಬರು ನಿಂತು ಬರೆಯುತ್ತಿದ್ದಾರೆ. ಮೋಸ ಎಂದುಕೊಂಡೆ.

ಆಮೇಲೆ ಅಂಗಡಿಯೊಂದು ಮೂಡಿತು. ಅದರ ನೆತ್ತಿಯ ಮೇಲೆ ಬೋರ್ಡು. ಅಕ್ಷರಗಳ ಮೈ ಒಂದೊಂದಾಗಿ ಬಂತು, ಎಲ್ಲವೂ ಬೋಳು ತಲೆಯವು. ಎಲ್ಲ ಮುಗಿದ ಮೇಲೆ ಒಂದೇ ಉಸಿರಿಗೆ, ಟಕ್ ಟಕ್ ಟಕ್ ಎಂದು, ಮೂರು ತಲೆಕಟ್ಟು.

ಮೊದಲು ಮೈ, ಆಮೇಲೆ ಟೋಪಿ.

ಆಚೆ ನಿಂತು ತಿರುವುಮುರುವಾಗಿ ಬರೆದು ಈಚೆಯವರಿಗೆ ನೆಟ್ಟಗೆ ಕಾಣಿಸುವ ಕೈ ಈ ಊರಿನಲ್ಲಿ ಇನ್ನೊಂದಿಲ್ಲ. ನನ್ನ ಕಣ್ಣು ಮಂಜಾಯಿತು. ಒರೆಸಿಕೊಂಡು ಓದಿದೆ. ‘ಔಷದ ಅಂಗಡಿ’. ಹೊಟ್ಟೆ ಸೀಳಿರಲಿಲ್ಲ.

ಬಲಗಡೆಯ ಯಜಮಾನರು ನನ್ನ ಕಡೆ ವಾಲಿ, “ನೋಡಿದ್ರಾ? ಇಷ್ಟು ದೊಡ್ಡ ನಾಟಕ, ಔಷಧ ಬರೆಯೋಕೆ ಬರಲ್ಲ. ಮಹಾಪ್ರಾಣ ಇಲ್ಲ” ಎಂದು ಕಿಸಕ್ಕೆಂದರು.

“ಸರಿಯಾಗೇ ಇದೆ” ಎಂದೆ.

“ಎಲ್ಲಿ ಸರಿ ಇದೆಯಮ್ಮ? ಅದು ದ ಅಲ್ವಾ?”

“ನಾನು ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದೋಳು. ಸರಿ ಇದೆ ಅಂದ್ರೆ ಸರಿ ಇದೆ. ಸುಮ್ನೆ ನಾಟಕ ನೋಡಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಕಸುಬಿನ ಮೇಲೆ ಆಣೆಯಿಟ್ಟಂತೆ ನಾನು ಸುಳ್ಳು ಹೇಳಿದ್ದು ಅದೊಂದೇ ಸಲ. ನಾಚಿಕೆಯಾಗಲಿಲ್ಲ.

ಚಪ್ಪಾಳೆ ನಿಲ್ಲಲೇ ಇಲ್ಲ. ನಟ ಮುಂದೆ ಬಂದು ಬಾಗಿದ, ನಟಿ ಬಾಗಿದಳು. ಬಟ್ಟೆಯ ಹಿಂದಿನಿಂದ ಯಾರೂ ಬರಲಿಲ್ಲ. ನಾದಿನಿ ಈಗ ಬಾಯಿಬಿಟ್ಟಳು. ತಂಡದವರಿಗೆ ಇಂಥ ಕೈ ಬೇಕಿತ್ತಂತೆ, ಇವಳೇ ಅಣ್ಣನನ್ನು ಒಪ್ಪಿಸಿದಳಂತೆ, ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲೇ ಬಟ್ಟೆ ಬದಲಿಸುವುದರಿಂದ ಅಂಗಿಗೆಲ್ಲ ಪೌಡರ್ ಅಂತೆ. “ಅಣ್ಣ ನಿಮಗೆ ಹೇಳಬೇಡ ಅಂದಿದ್ದ. ನೀವು ಬಂದಿದ್ದೀರ ಅಂತ ಇವತ್ತು ಪರದೆ ಏಳೋ ಮೊದಲು ಹೋಗಿ ಹೇಳ್ಬಿಟ್ಟೆ. ಮುಖ ಬಿಳುಚಿಕೊಂಡ್ತು. ಬನ್ನಿ, ಒಳಗೆ ಹೋಗೋಣ.”

“ಬೇಡ” ಎಂದೆ. ಬಣ್ಣ ಹಸಿಯಾಗಿರುವಾಗ ನನ್ನ ಮುಖ ಕಂಡರೆ ಅವರಿಗೆ ಏನನ್ನಿಸುತ್ತದೆ ಎಂದು ನನಗೆ ಗೊತ್ತಿತ್ತು.

ಎಂಟೂವರೆಗೆ ಮನೆಗೆ ಬಂದರು. “ಏನು ಮೂಟೆ, ಏನು ಮೂಟೆ” ಎಂದರು. ನಾನು ಬಡಿಸುತ್ತಾ, “ನಾಟಕಕ್ಕೆ ಹೋಗಿದ್ದೆ” ಎಂದೆ.

“ಓಹೋ” ಎಂದು ತಟ್ಟೆಯನ್ನೇ ನೋಡಿದರು. “ಹೇಗಿತ್ತು?”

“ಮಾತು ಜಾಸ್ತಿ. ಕಲೆ ಅಂದ್ರೇನು ಅಂತ ಮೂರು ಸಲ ಕೇಳಿದ, ಉತ್ತರ ಹೇಳಲೇ ಇಲ್ಲ. ಚಿತ್ರ ಮಾತ್ರ ಚೆನ್ನಾಗಿತ್ತು.”

“ಚೆನ್ನಾಗಿತ್ತಾ?”

“ತುಂಬಾ.”

“ತಪ್ಪೇನೂ ಇರಲಿಲ್ವಾ?”

“ಒಂದೂ ಇರಲಿಲ್ಲ.”

ಅವರ ಕೈ ತಟ್ಟೆಯಲ್ಲೇ ನಿಂತಿತು. ತಪ್ಪೇ ಇಲ್ಲದ ಕರಡು ಬಂದಾಗ ನಾನು ಹೇಗೆ ನೋಡುತ್ತೇನೋ ಹಾಗೆ ಈಗ ಅವರು ನನ್ನನ್ನು ನೋಡಿದರು.

“ಮೈ ಹುಷಾರಾಗಿದೆಯಾ ನಿನಗೆ?”

“ಚೆನ್ನಾಗಿದ್ದೀನಿ.”

“ಕನ್ನಡಕ ಹಾಕ್ಕೊಂಡಿದ್ಯಾ?”

“ಹಾಕ್ಕೊಂಡಿದ್ದೆ.”

“ಆ ಬೋರ್ಡು ಓದಿದ್ಯಾ? ಅಂಗಡೀದು?”

“ಓದ್ದೆ. ಸರಿಯಾಗಿತ್ತು.”

“ಏನು ಸರಿಯಾಗಿತ್ತು? ಹೊಟ್ಟೆ ಸೀಳಿರಲಿಲ್ಲ ಕಣೇ!” ಎಂದು ಕಿರುಚಿದರು.

“ಗೋದಾಮಿನಲ್ಲಿ ಕೂತವರಿಗೆ ಅದು ಹೇಗೆ ಕಾಣಿಸ್ತು?”

ಅವರು ತಲೆ ತಗ್ಗಿಸಿ ಅನ್ನ ಕಲಸತೊಡಗಿದರು, ಕಲಸಿದ್ದನ್ನೇ ಕಲಸಿದರು.

“ನನಗೆ ಯಾಕೆ ಹೇಳಲಿಲ್ಲ?” ಎಂದೆ. “ನಾನು ಏನೇನೋ ಅಂದುಕೊಂಡೆ. ಆ ಪೌಡರಿನವಳ ಜೊತೆ ನಿಮ್ಮನ್ನ ಸೇರಿಸಿ ಮನಸಲ್ಲೇ ಬೈದುಬಿಟ್ಟೆ.”

“ಅವಳ ಜೊತೆಗಾ? ಅವಳು ನನ್ನ ಅಂಕಲ್ ಅಂತಾಳೆ” ಎಂದು ನಕ್ಕರು, ನಗು ಬೇಗ ನಿಂತಿತು. “ನೀನು ನೋಡ್ತಿದ್ದೀಯ ಅಂದ್ರೆ ನನಗೆ ಕೈ ಏಳಲ್ಲ. ಅದಕ್ಕೇ ಹೇಳಲಿಲ್ಲ.”

ಇಪ್ಪತ್ತೆರಡು ವರ್ಷ ಬೇರೆಯವರ ಸಾಲುಗಳ ಮೇಲೆ ಕೆಂಪು ಗೀಟು ಎಳೆದವಳಿಗೆ, ಅದು ಬಿದ್ದ ಜಾಗ ಎಷ್ಟು ಉರಿಯುತ್ತದೆ ಎಂದು ಅವತ್ತು ಗೊತ್ತಾಯಿತು.

“ಗೀಟು ಇಲ್ಲ ಅಂತ ಗೊತ್ತಿದ್ದೂ ಯಾಕೆ ಬಿಟ್ರಿ ಮತ್ತೆ?”

“ಮೊದಲನೇ ದಿನ ಮರೆತೆ. ಯಾರೂ ಗಮನಿಸಲಿಲ್ಲ. ಎರಡನೇ ದಿನ ನೆನಪಿತ್ತು, ಬ್ರಷ್ಷೂ ಅಲ್ಲಿವರೆಗೆ ಹೋಗಿತ್ತು. ಬೇಕು ಅಂತಲೇ ಬಿಟ್ಟೆ. ಅವತ್ತಿಂದ ದಿನಾ ಬಿಡ್ತೀನಿ.”

“ಯಾಕೆ?”

“ಅವನ ಹೆಂಡತಿ ಸತ್ತುಹೋಗಿದ್ದಾಳಲ್ಲ” ಎಂದರು, ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. “ಇನ್ನು ಅವನಿಗೆ ತಪ್ಪಾಗಿದೆ ಅಂತ ಹೇಳೋರು ಯಾರಿದ್ದಾರೆ?”

ನಾನು ಸೌಟು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. “ಅಯ್ಯೋ, ನನ್ನನ್ನ ವಾರಕ್ಕೆ ಮೂರು ಸಲ ಸಾಯಿಸ್ತಿದ್ದೀರಲ್ಲ” ಎಂದು ಅತ್ತೆ, ಅಳುತ್ತಲೇ ನಕ್ಕೆ. ಆಮೇಲೆ ಅವರ ಅಂಗಿ ಬಿಚ್ಚಿಸಿಕೊಂಡು ನೀರಿನಲ್ಲಿ ನೆನೆಹಾಕಿದೆ. ಆ ಕಲೆ ಬರೀ ತಿಕ್ಕಿದರೆ ಹೋಗುವಂಥದ್ದಲ್ಲ.

ಭಾನುವಾರ ಕೊನೆಯ ಪ್ರದರ್ಶನ. ಅವರಿಗೆ ಹೇಳಿಯೇ ಹೋದೆ. ಅದೇ ಮೂರನೇ ಸಾಲು. ಕಿಟಕಿ ಬಂತು, ಕಂಬ ಬಂತು, ಮೆಟ್ಟಿಲು ಬಂತು. ಬೋರ್ಡಿನ ಅಕ್ಷರಗಳು ಬಂದವು, ಟೋಪಿಗಳೂ ಬಂದವು. ಗೀಟು ಬರಲಿಲ್ಲ. ನಟ ಬ್ರಷ್ ಕೆಳಗಿಟ್ಟು ಖಾಲಿ ಕುರ್ಚಿಯ ಕಡೆ ತಿರುಗಿ ಕೊನೆಯ ಮಾತಿಗೆ ಬಾಯಿ ತೆರೆದ. ಆಗ ಅವನ ಬೆನ್ನ ಹಿಂದೆ, ಯಾರೂ ಬ್ರಷ್ ಮುಟ್ಟದೆ, ದಕಾರದ ಕೆಳಗೆ ಪುಟ್ಟದೊಂದು ಗೀಟು ನಡುಗುತ್ತಾ ಮೂಡಿತು. ಸಭೆಯೆಲ್ಲ ಹಾ ಎಂದಿತು. ನಟ ತಿರುಗಿ ನೋಡಿ, ಮಾತು ಮರೆತು, ಕಣ್ಣು ಬಿಟ್ಟುಕೊಂಡು ನಿಂತ.

ನನ್ನ ನಾಲಿಗೆ ಅವತ್ತೂ ಸುಮ್ಮನಿರಲಿಲ್ಲ.

“ರೀ, ಸರಿಯಾಯ್ತು!” ಎಂದು ಕೂಗಿಬಿಟ್ಟೆ. ಹಿಂದಿನ ಸಾಲಿನವರೆಲ್ಲ ಒಟ್ಟಿಗೆ ಶ್ ಎಂದರು.